ಸ್ತನ ಮರುರಚನೆ: ಮಾತು ಶುರುವಾಗಬೇಕಾದ್ದು ಆಪರೇಷನ್‌ಗೆ ಮುಂಚೆ

ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೊದಲ ದಿನಗಳಲ್ಲಿ ಮಾತೆಲ್ಲ ಒಂದೇ ಕಡೆ ಓಡುತ್ತದೆ. ಗಡ್ಡೆ ಎಷ್ಟು ದೊಡ್ಡದು, ಕಂಕುಳಿನ ಗಂಟುಗಳಿಗೆ ಹರಡಿದೆಯಾ, ಕೀಮೋ ಮೊದಲಾ ಆಪರೇಷನ್ ಮೊದಲಾ. ಬಯಾಪ್ಸಿ ರಿಪೋರ್ಟು, ಸ್ಕ್ಯಾನು, ರಕ್ತ ಪರೀಕ್ಷೆ ಅಂತ ಓಡಾಡುವಷ್ಟರಲ್ಲಿ ಆಪರೇಷನ್ ತಾರೀಖು ಬಂದುಬಿಡುತ್ತದೆ. ಸ್ತನ ತೆಗೆದ ಮೇಲೆ ಎದೆ ಹೇಗಿರುತ್ತದೆ, ಮತ್ತೆ ಕಟ್ಟಿಕೊಡಲು ಆಗುತ್ತದಾ, ಕಟ್ಟದೆ ಬಿಟ್ಟರೆ ಹೇಗೆ ಅನ್ನುವ ಮಾತು ಬರುವುದೇ ಅಪರೂಪ. ಬಂದರೂ "ಮೊದಲು ಜೀವ ಉಳೀಲಿ, ಅದೆಲ್ಲ ಆಮೇಲೆ ನೋಡೋಣ" ಅನ್ನುವಲ್ಲಿಗೆ ನಿಂತುಹೋಗುತ್ತದೆ.

ಹಾಗೆ ಹೇಳುವವರಿಗೆ ಕಾಳಜಿ ಇರುತ್ತದೆ, ಅನುಮಾನವಿಲ್ಲ. ಆದರೆ ಈ "ಆಮೇಲೆ"ಗೆ ತೆರಬೇಕಾದ ಬೆಲೆ ದೊಡ್ಡದು. ಮೊದಲ ಆಪರೇಷನ್ ಹೇಗೆ ನಡೆಯಿತು ಅನ್ನುವುದರ ಮೇಲೆ ಮುಂದೆ ಏನೇನು ಸಾಧ್ಯ ಅನ್ನುವುದು ನಿಂತಿದೆ. ಎಷ್ಟು ಚರ್ಮ ಉಳಿಸಿದರು, ಹೊಲಿಗೆಯ ಗೆರೆ ಎಲ್ಲಿ ಬಂತು, ತೊಟ್ಟು ಉಳಿಯಿತಾ ಹೋಯಿತಾ, ಇವೆಲ್ಲ ಆ ಕೆಲವು ಗಂಟೆಗಳಲ್ಲಿ ತೀರ್ಮಾನವಾಗುತ್ತವೆ. ಹಾಗಾಗಿ ಮರುರಚನೆಯ ಮಾತು ಮೊದಲ ಆಪರೇಷನ್‌ಗೆ ಮುಂಚೆಯೇ, ಪ್ರತಿಯೊಬ್ಬ ಹೆಣ್ಣುಮಗಳ ಜೊತೆಗೂ ನಡೆಯಬೇಕು. ಅವರು ಕೊನೆಗೆ ಬೇಡ ಅಂದರೂ ಸರಿಯೇ. 2022ರಲ್ಲಿ ಜಗತ್ತಿನಲ್ಲಿ ಸುಮಾರು 23 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗಿದೆ. ಇದು ಎಲ್ಲೋ ಕೆಲವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಇದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಪೂರ್ತಿ ಸ್ತನ ತೆಗೆಯಲೇಬೇಕಾ? ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಆಪರೇಷನ್‌ನಲ್ಲಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗಂಟುಗಳು, ಎಲ್ಲವನ್ನೂ ತೆಗೆಯುತ್ತಿದ್ದರು. ಜಾಸ್ತಿ ತೆಗೆದಷ್ಟೂ ಜೀವಕ್ಕೆ ಜಾಸ್ತಿ ರಕ್ಷಣೆ ಅನ್ನುವ ನಂಬಿಕೆ ಅದು. ದಶಕಗಟ್ಟಲೆ ಅದೇ ನಡೆಯಿತು. ಆಮೇಲೆ ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ಇದನ್ನು ಪರೀಕ್ಷೆಗೆ ಒಡ್ಡಿದರು. ಇಬ್ಬರ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆರಂಭದ ಹಂತದ ಕ್ಯಾನ್ಸರ್‌ನಲ್ಲಿ ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಪೂರ್ತಿ ಸ್ತನ ತೆಗೆಸಿಕೊಂಡವರೂ ಬದುಕುವ ಸಾಧ್ಯತೆ ಒಂದೇ ಆಗಿತ್ತು. ಆದರೂ ಇವತ್ತಿಗೂ ಎಷ್ಟೋ ಜನ ಭಯದಿಂದ "ಎಲ್ಲ ತೆಗೆದುಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಆ ಭಯ ನಿಜವಾದದ್ದೇ. ಆದರೆ ಈ ಮಾಹಿತಿ ಸಿಕ್ಕಿ ಆಮೇಲೆ ಹಾಗನ್ನುವುದಕ್ಕೂ ಸಿಗದೆಯೇ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಪೂರ್ತಿ ತೆಗೆಯಲೇಬೇಕಾದವರೂ ಬಹಳ ಮಂದಿ ಇದ್ದಾರೆ. ಗಡ್ಡೆ ದೊಡ್ಡದಿರಬಹುದು, ಒಂದೇ ಸ್ತನದಲ್ಲಿ ಹಲವು ಕಡೆ ಇರಬಹುದು, ಅದೇ ಜಾಗಕ್ಕೆ ಮುಂಚೆ ರೇಡಿಯೇಷನ್ ಆಗಿರಬಹುದು, ಸ್ತನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷ ಇದ್ದು ಆ ನಿರ್ಧಾರಕ್ಕೆ ಬಂದಿರಬಹುದು. ಅಂಥವರಿಗೂ ಆಪರೇಷನ್ ಈಗ ಮೊದಲಿನ ಹಾಗಿಲ್ಲ. ಸ್ನಾಯುವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಳಗಿನ ಅಂಗಾಂಶ ತೆಗೆದು ಮೇಲಿನ ಚರ್ಮ ಉಳಿಸಬಹುದು. ಗಡ್ಡೆ ತೊಟ್ಟಿನಿಂದ ದೂರ ಇದ್ದರೆ ಕೆಲವರಿಗೆ ತೊಟ್ಟನ್ನೂ ಉಳಿಸಬಹುದು. ಆದರೆ ಸಾಮಾನ್ಯವಾಗಿ ಮರುರಚನೆ ಇದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಸರ್ಜನ್ ಚರ್ಮ ಉಳಿಸುತ್ತಾರೆ. ಇಲ್ಲದಿದ್ದರೆ ಹೆಚ್ಚಿನ ಚರ್ಮ ಕತ್ತರಿಸಿ, ಅಡ್ಡಡ್ಡ ಹೊಲಿದು, ಎದೆಯನ್ನು ಸಪಾಟು ಮಾಡುತ್ತಾರೆ. ಒಮ್ಮೆ ತೆಗೆದ ಚರ್ಮವನ್ನು ಮತ್ತೆ ತರಬೇಕಾದರೆ ಇದ್ದದ್ದನ್ನು ತಿಂಗಳುಗಟ್ಟಲೆ ಹಿಗ್ಗಿಸಬೇಕು, ಇಲ್ಲ ಹೊಟ್ಟೆಯಿಂದಲೋ ಬೆನ್ನಿನಿಂದಲೋ ತರಬೇಕು.

ಮರುರಚನೆ ಮಾಡಿಸಿದರೆ ಕ್ಯಾನ್ಸರ್ ವಾಪಸ್ ಬರುತ್ತದಾ, ಬಂದರೆ ಅದರ ಹಿಂದೆ ಅಡಗಿ ಕೂರುತ್ತದಾ? ಬಹಳ ಜನರನ್ನು ಹಿಂದೆ ಸರಿಸುವ ಹೆದರಿಕೆ ಇದು. ಮರುರಚನೆಯಿಂದ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ. ಆ ಜಾಗದಲ್ಲಿ ಮತ್ತೆ ಬಂದರೂ ಹೆಚ್ಚಿನ ಸಲ ಚರ್ಮದಲ್ಲೋ ಅದರ ಕೆಳಗೋ ಬರುತ್ತದೆ. ಅದು ಕೈಗೆ ಸಿಗುತ್ತದೆ. ಕೆಲವು ಕ್ಯಾನ್ಸರ್‌ಗಳಲ್ಲಿ, ಮುಖ್ಯವಾಗಿ ಚರ್ಮವೆಲ್ಲ ಕೆಂಪಾಗಿ ಊದಿಕೊಳ್ಳುವ ಇನ್‌ಫ್ಲಮೇಟರಿ ಬಗೆಯದರಲ್ಲಿ, ತಕ್ಷಣ ಮರುರಚನೆ ಬೇಡ ಅನ್ನುತ್ತಾರೆ. ಅಲ್ಲಿ ಚರ್ಮವನ್ನೇ ಧಾರಾಳವಾಗಿ ತೆಗೆಯಬೇಕು, ಮುಂದಿನ ಚಿಕಿತ್ಸೆ ಒಂದು ದಿನವೂ ತಡವಾಗಬಾರದು.

ದಾರಿಗಳು ಮುಖ್ಯವಾಗಿ ಎರಡು. ಒಂದು ಇಂಪ್ಲಾಂಟ್, ಅಂದರೆ ಸ್ತನದ ಆಕಾರಕ್ಕೆ ಎದೆಯೊಳಗೆ ಇಡುವ ಕೃತಕ ವಸ್ತು. ಇನ್ನೊಂದು ಸ್ವಂತ ದೇಹದ ಅಂಗಾಂಶ.

ಸಿಲಿಕಾನ್ ಇಂಪ್ಲಾಂಟ್ ಮೊದಲ ಬಾರಿಗೆ ಹೆಣ್ಣೊಬ್ಬಳ ದೇಹಕ್ಕೆ ಸೇರಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಈಗ ಸಾಕಷ್ಟು ಚರ್ಮ ಉಳಿದಿದ್ದರೆ ನೇರವಾಗಿ ಇಂಪ್ಲಾಂಟ್ ಇಡುವುದೂ ಉಂಟು. ಆದರೆ ಹೆಚ್ಚಿನವರಿಗೆ ಮೊದಲು ಟಿಶ್ಯೂ ಎಕ್ಸ್‌ಪ್ಯಾಂಡರ್ ಇಡುತ್ತಾರೆ. ಇದು ಒಳಗೆ ಖಾಲಿ ಇರುವ ಸಿಲಿಕಾನ್ ಚೀಲ. ಗಾಯ ಮಾಗಿದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕ್ಲಿನಿಕ್‌ಗೆ ಹೋಗಬೇಕು. ಚೀಲದ ಬಾಯಿ ಚರ್ಮದ ಕೆಳಗೆ ಎಲ್ಲಿದೆ ಅಂತ ನರ್ಸ್ ಒಂದು ಚಿಕ್ಕ ಅಯಸ್ಕಾಂತ ಹಿಡಿದು ಹುಡುಕುತ್ತಾರೆ. ಅಲ್ಲಿಗೆ ಸೂಜಿ ಚುಚ್ಚಿ ಸಲೈನ್ ತುಂಬುತ್ತಾರೆ, ಒಂದು ಸಲಕ್ಕೆ ಸಾಮಾನ್ಯವಾಗಿ 50ರಿಂದ 100 ಮಿ.ಲೀ. ಆ ಜಾಗ ಮರಗಟ್ಟಿರುವುದರಿಂದ ಸೂಜಿ ಚುಚ್ಚಿದ್ದು ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆಮೇಲೆ. ಒಂದೆರಡು ದಿನ ಎದೆಗೆ ಪಟ್ಟಿ ಬಿಗಿದ ಹಾಗೆ ಇರುತ್ತದೆ, ಭುಜ ಬೆನ್ನು ಹಿಡಿದುಕೊಳ್ಳುತ್ತದೆ, ಮಗ್ಗುಲಾಗಿ ಮಲಗಲು ಆಗುವುದಿಲ್ಲ. ಚರ್ಮ ಬೇಕಾದಷ್ಟು ಹಿಗ್ಗಿದ ಮೇಲೆ ಇನ್ನೊಂದು ಆಪರೇಷನ್ ಮಾಡಿ, ಚೀಲ ತೆಗೆದು, ಇಂಪ್ಲಾಂಟ್ ಇಡುತ್ತಾರೆ. ಮೊದಲ ಆಪರೇಷನ್ ಚಿಕ್ಕದು, ಬೇರೆ ಕಡೆ ಗಾಯ ಇಲ್ಲ, ಬೇಗ ಎದ್ದು ಓಡಾಡಬಹುದು ಅಂತ ಹೆಚ್ಚು ಜನ ಇದನ್ನೇ ಆರಿಸಿಕೊಳ್ಳುತ್ತಾರೆ.

ಆದರೆ ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ. ಮೊದಲ ದಿನವೇ, ಬಿಡಿಸಿ ಹೇಳಬೇಕಾದ ಮಾತು ಇದು. 40ನೇ ವಯಸ್ಸಿಗೆ ಹಾಕಿಸಿಕೊಂಡವರು ಮುಂದೆ ಒಂದಾದರೂ ಆಪರೇಷನ್ ಇದೆ ಅಂದುಕೊಂಡೇ ಹೊರಡುವುದು ಒಳ್ಳೆಯದು. ದೇಹ ಹೊರಗಿನ ವಸ್ತುವಿನ ಸುತ್ತ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿಯಾಗಿ ಇಂಪ್ಲಾಂಟನ್ನು ಹಿಂಡುತ್ತದೆ, ಆಕಾರ ಕೆಡುತ್ತದೆ, ಗಟ್ಟಿಯಾಗುತ್ತದೆ, ನೋಯುತ್ತದೆ. ಸಿಲಿಕಾನ್ ಇಂಪ್ಲಾಂಟ್ ಒಳಗೇ ಒಡೆದರೆ ಹೊರಗೆ ಏನೂ ಕಾಣದೆಯೂ ಇರಬಹುದು. ಅದಕ್ಕೇ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಸಂಸ್ಥೆ ಎಫ್‌ಡಿಎ, ಇಂಪ್ಲಾಂಟ್ ಹಾಕಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಸಲ ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ನೋಡಿಸುತ್ತಿರಿ ಅನ್ನುತ್ತದೆ.

ಇಂಪ್ಲಾಂಟ್‌ಗಳ ಹಿಂದಿನ ಕಥೆಯೂ ನೇರವಾಗಿಲ್ಲ. 1992ರಲ್ಲಿ ಎಫ್‌ಡಿಎ ಸಿಲಿಕಾನ್ ಇಂಪ್ಲಾಂಟ್ ಬಳಕೆಗೆ ಕಡಿವಾಣ ಹಾಕಿತು. ಕ್ಯಾನ್ಸರ್ ನಂತರದ ಮರುರಚನೆಗೆ ಅಧ್ಯಯನದ ಚೌಕಟ್ಟಿನಲ್ಲಿ ಮಾತ್ರ ಅವಕಾಶ ಉಳಿಯಿತು. 2006ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು. 2010ರಲ್ಲಿ ಫ್ರಾನ್ಸ್‌ನ ಪಿಐಪಿ ಕಂಪನಿ ಕಾರ್ಖಾನೆ ಬಳಕೆಯ ಸಿಲಿಕಾನ್ ತುಂಬಿ ಮಾರಿದ್ದು ಬಯಲಾಯಿತು. ಮೇಲ್ಮೈ ಒರಟಾಗಿರುವ ಇಂಪ್ಲಾಂಟ್‌ಗಳ ಸುತ್ತ ಅಪರೂಪಕ್ಕೆ ಒಂದು ಬಗೆಯ ಲಿಂಫೋಮಾ (ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್) ಬರುತ್ತದೆ ಅಂತ ಗೊತ್ತಾದ ಮೇಲೆ, 2019ರ ಜುಲೈನಲ್ಲಿ ಅಲರ್ಗನ್ ಕಂಪನಿಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆದರು. ಸ್ತನ ಕ್ಯಾನ್ಸರ್‌ನಿಂದ ಪಾರಾದವರಿಗೆ ಇನ್ನೊಂದು ಕ್ಯಾನ್ಸರ್‌ನ ಹೆಸರು ಕೇಳಿ ಹೇಗಾಗಿರಬೇಡ. ಈ ಕಾಯಿಲೆ ಅಪರೂಪ, ಬೇಗ ಗೊತ್ತಾಗಿ ಇಂಪ್ಲಾಂಟನ್ನೂ ಸುತ್ತಲಿನ ಪೊರೆಯನ್ನೂ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ. ವರ್ಷಗಳಾದ ಮೇಲೆ ಒಂದು ಕಡೆ ಇದ್ದಕ್ಕಿದ್ದ ಹಾಗೆ ಊದಿಕೊಂಡರೆ ಸುಮ್ನೆ ಇರಬಾರದು. ನಿಮ್ಮ ಒಳಗಿರುವುದು ಯಾವ ಕಂಪನಿಯದು, ಯಾವ ಮಾದರಿ ಅನ್ನುವ ಕಾರ್ಡ್ ಕೊಡುತ್ತಾರೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೊಡದಿದ್ದರೆ ಕೇಳಿ ಪಡೆಯಿರಿ. 2021ರಲ್ಲಿ ಎಫ್‌ಡಿಎ ಇನ್ನೊಂದು ನಿಯಮ ತಂದಿತು: ಇಂಪ್ಲಾಂಟ್ ಹಾಕುವ ಮುಂಚೆ ರೋಗಿಯ ಜೊತೆ ಅಪಾಯಗಳ ಪಟ್ಟಿಯನ್ನು ಒಂದೊಂದಾಗಿ ಓದಿ ಸಹಿ ಪಡೆಯಬೇಕು. ಇಷ್ಟು ಸರಳ ಕೆಲಸ ಕಡ್ಡಾಯವಾಗಲು ಮೊದಲ ಇಂಪ್ಲಾಂಟ್ ಬಂದು ಆರು ದಶಕ ಹತ್ತಿರವಾಗಬೇಕಾಯಿತು ಅನ್ನುವುದು ನನಗೆ ಈಗಲೂ ಬೇಸರದ ಸಂಗತಿ.

ಎರಡನೇ ದಾರಿ ಕಷ್ಟದ್ದು, ಆದರೆ ಅದರ ಹಿಂದಿನ ಕೈಚಳಕ ನೋಡಿದರೆ ಬೆರಗಾಗುತ್ತದೆ. 1982ರಲ್ಲಿ ಕಾರ್ಲ್ ಹಾರ್ಟ್‌ರಂಪ್ ಹೊಕ್ಕುಳಿನ ಕೆಳಗಿನ ಚರ್ಮ ಮತ್ತು ಕೊಬ್ಬನ್ನು ಹೊಟ್ಟೆಯ ಸ್ನಾಯುವಿನ ಜೊತೆಗೇ ಮೇಲಕ್ಕೆ ತಂದು ಸ್ತನ ಕಟ್ಟುವ ವಿಧಾನ ತೋರಿಸಿದರು. ಸ್ನಾಯು ಹೋದದ್ದರಿಂದ ಕೆಲವರಿಗೆ ಹೊಟ್ಟೆ ದುರ್ಬಲವಾಗುತ್ತಿತ್ತು, ಹರ್ನಿಯಾ ಬರುತ್ತಿತ್ತು. 1990ರ ದಶಕದಲ್ಲಿ ಸ್ನಾಯು ಬಿಟ್ಟು ಬರೀ ಚರ್ಮ, ಕೊಬ್ಬು, ಅದಕ್ಕೆ ರಕ್ತ ಕೊಡುವ ನಾಳಗಳನ್ನಷ್ಟೇ ಬಿಡಿಸಿ ತರುವ ವಿಧಾನ ಬಂತು. ಹೀಗೆ ತರುವ ಅಂಗಾಂಶಕ್ಕೆ ಫ್ಲ್ಯಾಪ್ ಅಂತಲೂ, ಈ ವಿಧಾನಕ್ಕೆ ಡೀಪ್ ಫ್ಲ್ಯಾಪ್ ಅಂತಲೂ ಅನ್ನುತ್ತಾರೆ.

ಬಿಡಿಸಿದ ಅಂಗಾಂಶಕ್ಕೆ ಆ ಕ್ಷಣದಲ್ಲಿ ರಕ್ತ ಇಲ್ಲ. ಸರ್ಜನ್ ಎದೆಯ ಮೂಳೆಯ ಪಕ್ಕ, ಪಕ್ಕೆಲುಬಿನ ಹಿಂದೆ ಹರಿಯುವ ರಕ್ತನಾಳವನ್ನು ಹುಡುಕುತ್ತಾರೆ. ಆ ನಾಳದ ಅಗಲ ಎರಡು ಮೂರು ಮಿಲಿಮೀಟರ್. ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತ, ಕೂದಲಿಗಿಂತ ತೆಳುವಾದ ದಾರದಲ್ಲಿ ಎರಡೂ ತುದಿ ಸೇರಿಸಿ ಹೊಲಿಯುತ್ತಾರೆ. ನಾಳವನ್ನು ಒತ್ತಿ ಹಿಡಿದಿದ್ದ ಕ್ಲಿಪ್ ಬಿಟ್ಟ ಕೂಡಲೇ ಬಿಳಿಚಿಕೊಂಡಿದ್ದ ಅಂಗಾಂಶ ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಇಡೀ ಆಪರೇಷನ್‌ಗೆ ಆರೆಂಟು ಗಂಟೆ ಹಿಡಿಯುತ್ತದೆ, ಎರಡೂ ಕಡೆ ಮಾಡಿದರೆ ಇನ್ನೂ ಜಾಸ್ತಿ. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಸ್ತನದ ಬಣ್ಣ ನೋಡುತ್ತಾರೆ, ಬೆರಳಿನಿಂದ ಒತ್ತಿ ಬಿಟ್ಟು ರಕ್ತ ಎಷ್ಟು ಹೊತ್ತಿಗೆ ಮರಳುತ್ತದೆ ಅಂತ ನೋಡುತ್ತಾರೆ, ಚಿಕ್ಕ ಡಾಪ್ಲರ್ ಇಟ್ಟು ನಾಡಿಯ ಸದ್ದು ಕೇಳುತ್ತಾರೆ. ನಾಳ ಕಟ್ಟಿಕೊಂಡರೆ ತಕ್ಷಣ ಮತ್ತೆ ಥಿಯೇಟರ್‌ಗೆ ಒಯ್ಯಬೇಕು. ಅನುಭವಿ ತಂಡಗಳಲ್ಲಿ ಪೂರ್ತಿ ಫ್ಲ್ಯಾಪ್ ಕಳೆದುಕೊಳ್ಳುವುದು ನೂರರಲ್ಲಿ ಕೆಲವರು ಮಾತ್ರ. ಆದರೆ ಆ ಕೆಲವರಲ್ಲಿ ನೀವೂ ಒಬ್ಬರಾಗಬಹುದು ಅಂತ ಮೊದಲೇ ಹೇಳಿರಬೇಕು.

ಇದರ ಲಾಭ ಏನಂದರೆ ಅದು ನಿಮ್ಮದೇ ದೇಹ. ಮುಟ್ಟಿದರೆ ಬೆಚ್ಚಗಿರುತ್ತದೆ, ನೀವು ದಪ್ಪ ಆದರೆ ದಪ್ಪ ಆಗುತ್ತದೆ, ವಯಸ್ಸಾದ ಹಾಗೆ ಜೋಲುತ್ತದೆ. ಒಮ್ಮೆ ಕೂಡಿಕೊಂಡರೆ ಬದಲಾಯಿಸಬೇಕಾಗಿಲ್ಲ. ಆದರೆ ಹೊಟ್ಟೆಯ ಮೇಲೆ ಈ ಸೊಂಟದಿಂದ ಆ ಸೊಂಟದವರೆಗೆ ಗಾಯದ ಗೆರೆ ಉಳಿಯುತ್ತದೆ. ಕೆಲವು ದಿನ ಬಾಗಿಕೊಂಡೇ ನಡೆಯಬೇಕು. ಹೊಟ್ಟೆಯನ್ನು ಒಂದೇ ಸಲ ಬಳಸಲು ಸಾಧ್ಯ. ತೆಳ್ಳಗಿರುವವರಿಗೆ ಅಲ್ಲಿ ಸಾಕಷ್ಟು ಕೊಬ್ಬೇ ಇರುವುದಿಲ್ಲ, ಅವರಿಗೆ ತೊಡೆಯಿಂದಲೋ ಬೆನ್ನಿನಿಂದಲೋ ತರಬೇಕು. ಬೆನ್ನಿನ ಲ್ಯಾಟಿಸಿಮಸ್ ಸ್ನಾಯು ಬಳಸುವ ವಿಧಾನ ಇವೆಲ್ಲಕ್ಕಿಂತ ಹಳೆಯದು, ಇಟಲಿಯ ಟಾನ್ಸಿನಿ 1906ರಲ್ಲೇ ಅದನ್ನು ಬರೆದಿದ್ದರು. ಇನ್ನು ಡೀಪ್ ಫ್ಲ್ಯಾಪ್ ಮಾಡಬಲ್ಲ ಮೈಕ್ರೋಸರ್ಜನ್‌ಗಳು ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಹಾಗಾಗಿ ಎಷ್ಟೋ ಕಡೆ ಆಯ್ಕೆ ಅಂತ ಹೇಳುವುದು ಆ ಆಸ್ಪತ್ರೆಗೆ ಬರುವ ಒಂದೇ ವಿಧಾನವನ್ನು. "ಇದರಲ್ಲಿ ಇಲ್ಲಿ ಮಾಡದೆ ಇರುವ ವಿಧಾನ ಯಾವುದಾದರೂ ನನಗೆ ಹೊಂದುತ್ತದಾ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಸರ್ಜನ್ ಅದಕ್ಕೆ ಮುನಿಸಿಕೊಳ್ಳುವುದಿಲ್ಲ.

ಎರಡೂ ದಾರಿಗಳ ಲೆಕ್ಕ ತಪ್ಪಿಸುವುದು ರೇಡಿಯೇಷನ್. ಕಂಕುಳಿನ ಗಂಟುಗಳಲ್ಲಿ ಕ್ಯಾನ್ಸರ್ ಇದ್ದವರಿಗೆ ಸ್ತನ ತೆಗೆದ ಮೇಲೂ ಎದೆಗೆ ರೇಡಿಯೇಷನ್ ಬೇಕಾಗುವುದು ಹೆಚ್ಚು. ಅದು ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುವ ಜೊತೆಗೆ ಚರ್ಮದ ಸಣ್ಣ ರಕ್ತನಾಳಗಳನ್ನೂ ಹಾಳು ಮಾಡುತ್ತದೆ. ಚರ್ಮದ ಹಿಗ್ಗುವ ಗುಣ ಹೋಗುತ್ತದೆ, ಗಾಯ ನಿಧಾನವಾಗಿ ಮಾಗುತ್ತದೆ. ಇಂಪ್ಲಾಂಟ್ ಇದ್ದರೆ ಪೊರೆ ಬಿಗಿಯುವ ಸಾಧ್ಯತೆ ತುಂಬ ಏರುತ್ತದೆ, ಸೋಂಕಾಗಿ ತೆಗೆಯಬೇಕಾಗುವುದೂ ಹೆಚ್ಚು. ಹೊಸದಾಗಿ ಕಟ್ಟಿದ ಫ್ಲ್ಯಾಪ್ ಮೇಲೆ ಬಿದ್ದರೆ ಅದು ಕುಗ್ಗಿ ಗಟ್ಟಿಯಾಗಬಹುದು. ಅದಕ್ಕೆ ಕೆಲವು ತಂಡಗಳು ಮೊದಲ ದಿನ ಎಕ್ಸ್‌ಪ್ಯಾಂಡರ್ ಮಾತ್ರ ಇಟ್ಟು ಚರ್ಮದ ಜಾಗ ಕಾಯ್ದುಕೊಂಡು, ರೇಡಿಯೇಷನ್ ಮುಗಿದು ತಿಂಗಳುಗಳಾದ ಮೇಲೆ ಹೊಟ್ಟೆಯ ಅಂಗಾಂಶದಿಂದ ಸ್ತನ ಕಟ್ಟುತ್ತವೆ. ಇಲ್ಲಿ ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್, ರೇಡಿಯೇಷನ್ ಡಾಕ್ಟರ್ ಮೂವರೂ ಮೊದಲೇ ಒಂದು ಕಡೆ ಕೂತು ಮಾತಾಡಿರಬೇಕು. ಕೊಠಡಿಯಿಂದ ಕೊಠಡಿಗೆ ಫೈಲ್ ಹಿಡಿದು ಅಲೆಯುವ ರೋಗಿಯೇ ಮೂವರ ಮಾತನ್ನೂ ಜೋಡಿಸಿಕೊಳ್ಳಬೇಕು ಅನ್ನುವುದು ಅನ್ಯಾಯ.

ತೊಂದರೆಗಳ ಬಗ್ಗೆ ನೇರವಾಗಿ ಹೇಳಬೇಕು. ಉತ್ತರ ಅಮೆರಿಕದ 11 ಕೇಂದ್ರಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಎರಡು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮರುರಚನೆ ಮಾಡಿಸಿಕೊಂಡವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಏನಾದರೂ ಒಂದು ತೊಡಕು ಬಂದಿತ್ತು. ಅದೇ ತಂಡದ ಇನ್ನೊಂದು ವರದಿಯಲ್ಲಿ, ಎರಡು ವರ್ಷದ ಹೊತ್ತಿಗೆ ಸ್ವಂತ ಅಂಗಾಂಶದಿಂದ ಕಟ್ಟಿಸಿಕೊಂಡವರು ಇಂಪ್ಲಾಂಟ್‌ನವರಿಗಿಂತ ತಮ್ಮ ಸ್ತನದ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ಎರಡನ್ನೂ ಜೊತೆಗಿಟ್ಟು ಓದಬೇಕು. ದಾರಿ ಕಷ್ಟದ್ದು, ಆದರೂ ತಲುಪಿದವರಲ್ಲಿ ತುಂಬ ಜನಕ್ಕೆ ಸಮಾಧಾನ ಇದೆ. ಸಿಗರೇಟ್ ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ತೂಕ ತುಂಬ ಜಾಸ್ತಿ ಇರುವವರಿಗೆ ತೊಡಕು ಹೆಚ್ಚು. ಸಿಗರೇಟ್ ಅಂತೂ ಆಪರೇಷನ್‌ಗೆ ಕೆಲವು ವಾರ ಮುಂಚೆಯೇ ಬಿಡಲೇಬೇಕು.

ಫೋಟೋಗಳಲ್ಲಿ ಕಾಣದ ಒಂದು ವಿಷಯ ಇದೆ, ಸ್ಪರ್ಶ. ಮೊದಲು–ನಂತರ ಚಿತ್ರಗಳನ್ನು ನೋಡಿ ಹೋದ ಎಷ್ಟೋ ಜನರಿಗೆ ಹೊಸ ಸ್ತನಕ್ಕೆ ಮುಟ್ಟಿದ್ದು ಗೊತ್ತಾಗುವುದಿಲ್ಲ ಅಂತ ಯಾರೂ ಹೇಳಿರುವುದಿಲ್ಲ. ಅಂಗಾಂಶದ ಜೊತೆಗೆ ನರಗಳೂ ಕತ್ತರಿಸಿ ಹೋಗುತ್ತವೆ. ತೊಟ್ಟು ಉಳಿಸಿದರೂ ಅದು ನೋಡಲು ಇರುತ್ತದೆ, ಅದರ ಸಂವೇದನೆ ಮೊದಲಿನ ಹಾಗೆ ಉಳಿಯುವುದು ಅಪರೂಪ. ಕೆಲವು ಸರ್ಜನ್‌ಗಳು ಈಗ ನರ ಜೋಡಿಸಲು ನೋಡುತ್ತಿದ್ದಾರೆ. ಸ್ವಲ್ಪ ಸ್ಪರ್ಶ ಮರಳಿದವರಿದ್ದಾರೆ, ಆದರೆ ಅದು ಎಲ್ಲರಿಗೂ ಸಿಗುವ ಭರವಸೆಯಲ್ಲ. ಇದು ಸುಖದ ಪ್ರಶ್ನೆ ಮಾತ್ರವೂ ಅಲ್ಲ. ಮರಗಟ್ಟಿದ ಎದೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು, ಸುಟ್ಟದ್ದು ಗೊತ್ತಾಗದೆ ಬೊಬ್ಬೆ ಎದ್ದ ಮೇಲೆ ನೋಡಿದವರಿದ್ದಾರೆ. ಆಸ್ಪತ್ರೆಯಿಂದ ಕಳಿಸುವಾಗ ಈ ಒಂದು ಎಚ್ಚರಿಕೆ ಹೇಳಲು ಅರ್ಧ ನಿಮಿಷ ಸಾಕು. ತೊಟ್ಟು ಹೋದವರಿಗೆ ಅಲ್ಲಿನ ಚರ್ಮವನ್ನೇ ಮಡಚಿ ತೊಟ್ಟು ಮಾಡುತ್ತಾರೆ. ಅದು ಕಾಲಕ್ರಮೇಣ ತಗ್ಗುತ್ತದೆ. ನೆರಳು ಬೆಳಕು ಸೇರಿಸಿ ಹಾಕುವ ಹಚ್ಚೆ ನೋಡಲು ಎಷ್ಟೋ ನೈಜವಾಗಿರುತ್ತದೆ.

ಏನೂ ಬೇಡ, ಸಪಾಟಾಗಿಯೇ ಇರಲಿ ಅನ್ನುವವರ ಆಯ್ಕೆಗೂ ಇಷ್ಟೇ ಗೌರವ ಸಿಗಬೇಕು. ಅದು ಸೋಲಲ್ಲ, ಅರ್ಧಕ್ಕೆ ಬಿಟ್ಟ ಚಿಕಿತ್ಸೆಯೂ ಅಲ್ಲ. ಆದರೆ ಎದೆಯನ್ನು ನೀಟಾಗಿ ಸಪಾಟು ಮಾಡುವುದೂ ಒಂದು ಕೌಶಲ. ಕಂಕುಳಿನ ಕಡೆ ಚರ್ಮ ಮೂಟೆಯಾಗಿ ಉಳಿದರೆ ಬ್ರಾ ಪಟ್ಟಿ ಉಜ್ಜಿ ನೋಯುತ್ತದೆ, ಕೈ ಇಳಿಬಿಟ್ಟಾಗ ತಗಲುತ್ತದೆ. ಚೆನ್ನಾಗಿ ಸಪಾಟು ಮಾಡುವುದಕ್ಕೆ ಒಂದು ಹೆಸರು ಕೊಟ್ಟು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತನ್ನ ಪದಕೋಶಕ್ಕೆ ಸೇರಿಸಿದ್ದು 2020ರಲ್ಲಿ. ಅದಕ್ಕಾಗಿ ಹೋರಾಡಿದ್ದು ರೋಗಿಗಳೇ. ಸಪಾಟು ಬೇಕು ಅಂತ ಸ್ಪಷ್ಟವಾಗಿ ಹೇಳಿದ್ದರೂ "ಮುಂದೆ ಮನಸ್ಸು ಬದಲಾದರೆ ಬೇಕಾಗಬಹುದು" ಅಂತ ಸರ್ಜನ್ ತಾವೇ ಚರ್ಮ ಉಳಿಸಿದ್ದನ್ನು ಎಚ್ಚರವಾದ ಮೇಲೆ ನೋಡಿದ ಮಹಿಳೆಯರಿದ್ದಾರೆ. ಇದು ಖಂಡಿತ ತಪ್ಪು. ದೇಹ ಯಾರದೋ ಮನಸ್ಸೂ ಅವರದೇ. ಬೇಕು ಅನ್ನುವುದಾದರೂ ಬೇಡ ಅನ್ನುವುದಾದರೂ ಒಪ್ಪಿಗೆ ಪತ್ರದಲ್ಲಿ ಬರೆಸಿ. ಸಪಾಟಾಗಿರುವವರಿಗೆ ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕಾನ್ ಸ್ತನ ಸಿಗುತ್ತದೆ, ಬಟ್ಟೆಯದೂ ಸಿಗುತ್ತದೆ. ಬೇಕಾದ ದಿನ ಇಟ್ಟುಕೊಳ್ಳಬಹುದು, ಬೇಡವಾದ ದಿನ ತೆಗೆದಿಡಬಹುದು.

ಮನೆಯವರ ಮಾತೂ ಇಲ್ಲಿ ಬರುತ್ತದೆ. ಐವತ್ತು ದಾಟಿದವರಿಗೆ "ಈ ವಯಸ್ಸಲ್ಲಿ ಯಾಕಮ್ಮ ಬೇಕು" ಅನ್ನುತ್ತಾರೆ. ಚಿಕ್ಕ ವಯಸ್ಸಿನವರಿಗೆ "ಮಾಡಿಸಿಕೊಳ್ಳದೆ ಹೇಗಿರ್ತೀಯ" ಅನ್ನುತ್ತಾರೆ. ಎರಡರಲ್ಲೂ ಅವಳನ್ನು ಕೇಳಿದವರಿಲ್ಲ. ವಯಸ್ಸೊಂದೇ ಮರುರಚನೆಗೆ ಅಡ್ಡಿಯಲ್ಲ, ಆರೋಗ್ಯ ಚೆನ್ನಾಗಿದ್ದರೆ ಅರವತ್ತು ಎಪ್ಪತ್ತರಲ್ಲೂ ಮಾಡುತ್ತಾರೆ. ಸ್ನಾನದ ಮನೆಯ ಕನ್ನಡಿಯ ಮುಂದೆ ದಿನಾ ನಿಲ್ಲುವವಳು ಅವಳು. ಅದನ್ನು ಅಂದಚಂದದ ಆಸೆ ಅಂತ ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ.

ಈ ಮಾತುಕತೆಯನ್ನು ಡಾಕ್ಟರ ಒಳ್ಳೆಯತನಕ್ಕೆ ಬಿಡಬಾರದು ಅಂತ ಕಾನೂನು ಮಾಡಿದ ಕಡೆಗಳಿವೆ. ಅಮೆರಿಕದಲ್ಲಿ 1998ರ ಕಾಯ್ದೆ ಪ್ರಕಾರ, ಸ್ತನ ತೆಗೆಯುವ ಖರ್ಚು ಕೊಡುವ ವಿಮೆ ಮರುರಚನೆಯ ಖರ್ಚನ್ನೂ, ಎರಡನ್ನೂ ಸಮ ಮಾಡಲು ಇನ್ನೊಂದು ಸ್ತನಕ್ಕೆ ಮಾಡುವ ಆಪರೇಷನ್‌ನ ಖರ್ಚನ್ನೂ ಕೊಡಬೇಕು. ಆದರೂ ತುಂಬ ಜನರಿಗೆ, ಅದರಲ್ಲೂ ಬಡವರಿಗೆ, ವಿಷಯವೇ ತಲುಪುತ್ತಿರಲಿಲ್ಲ. ಹಾಗಾಗಿ ನ್ಯೂಯಾರ್ಕ್ ರಾಜ್ಯ 2010ರಲ್ಲಿ ಇನ್ನೊಂದು ಕಾನೂನು ಮಾಡಿತು: ಸ್ತನ ತೆಗೆಯುವ ಆಪರೇಷನ್‌ಗೆ ಮುಂಚೆ ಆಸ್ಪತ್ರೆ ಮರುರಚನೆಯ ಮಾಹಿತಿ ಕೊಡಲೇಬೇಕು, ತನ್ನಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ ಅಂತ ಹೇಳಲೇಬೇಕು. ಹಣದ ದಾರಿ ತೆರೆದ ಮೇಲೂ ಮಾತಿನ ದಾರಿಯನ್ನು ಬೇರೆಯಾಗಿ ತೆರೆಯಬೇಕಾಯಿತು.

ಯೋಚಿಸಲು ಸಮಯ ಎಲ್ಲಿದೆ ಅನ್ನಬಹುದು. ಸಾಮಾನ್ಯವಾಗಿ ಇರುತ್ತದೆ. ಹೆಚ್ಚಿನ ಸ್ತನ ಕ್ಯಾನ್ಸರ್‌ಗಳಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ನೋಡಿ ಮಾತಾಡಲು ಒಂದೆರಡು ವಾರ ತೆಗೆದುಕೊಂಡರೆ ಫಲಿತಾಂಶ ಕೆಡುವುದಿಲ್ಲ. ನಿಮ್ಮ ವಿಷಯದಲ್ಲಿ ಆ ಸಮಯ ಇದೆಯಾ ಅಂತ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಕೀಮೋ ಮೊದಲು ಕೊಡುವುದಾದರೆ ತಿಂಗಳುಗಳೇ ಸಿಗುತ್ತವೆ.

ಮತ್ತೆ, ಇದನ್ನು ಓದುವ ಹೊತ್ತಿಗೆ ಆಪರೇಷನ್ ಆಗಿ ವರ್ಷಗಳೇ ಕಳೆದವರೂ ಇರುತ್ತೀರಿ. ಆಗ ಯಾರೂ ಕೇಳಿರಲಿಲ್ಲ, ನಿಮಗೂ ಕೇಳಲು ತೋಚಿರಲಿಲ್ಲ. ಮರುರಚನೆಗೆ ಇಷ್ಟೇ ವರ್ಷ ಅನ್ನುವ ಗಡುವು ಇಲ್ಲ. ಹತ್ತು ವರ್ಷವಾದ ಮೇಲೂ ಮಾಡಿಸಿಕೊಂಡವರಿದ್ದಾರೆ. ರೇಡಿಯೇಷನ್ ಆಗಿದ್ದರೆ ಇಂಪ್ಲಾಂಟ್‌ಗಿಂತ ಸ್ವಂತ ಅಂಗಾಂಶವೇ ಹೆಚ್ಚು ಹೊಂದಬಹುದು, ಗಾಯದ ಗೆರೆಗಳು ಹೆಚ್ಚಿರುತ್ತವೆ, ಒಂದಕ್ಕಿಂತ ಹೆಚ್ಚು ಆಪರೇಷನ್ ಬೇಕಾಗಬಹುದು. ಹಳೆಯ ಆಪರೇಷನ್ ವರದಿ, ರೇಡಿಯೇಷನ್ ಎಲ್ಲಿಗೆ ಎಷ್ಟು ಕೊಟ್ಟರು ಅನ್ನುವ ಕಾಗದ, ಇತ್ತೀಚಿನ ಸ್ಕ್ಯಾನ್ ಹಿಡಿದು ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ ಮಾತಾಡಬಹುದು. ಮಾತಾಡಿದ ಮಾತ್ರಕ್ಕೆ ಮಾಡಿಸಿಕೊಳ್ಳಲೇಬೇಕು ಅಂತೇನಿಲ್ಲ.